ನಲವತ್ತು ಪುಟದಿಂದ ಐದಕ್ಕೆ: ಎರಿಕ್ಸನ್ ದಾರಿಯಲ್ಲಿ ನನ್ನ ಕನ್ನಡ

ನಾನು ಕಲಿತದ್ದೆಲ್ಲ ಇಂಗ್ಲಿಷಿನಲ್ಲಿ. ಪಾಠ ಇಂಗ್ಲಿಷ್, ಪುಸ್ತಕ ಇಂಗ್ಲಿಷ್, ಪರೀಕ್ಷೆ ಇಂಗ್ಲಿಷ್. ಆಮೇಲೆ ಶಿವಮೊಗ್ಗಕ್ಕೆ ಬಂದು ಸಮ್ಮೋಹನದಿಂದ, ಅಂದರೆ ಹಿಪ್ನಾಸಿಸ್‌ನಿಂದ, ಚಿಕಿತ್ಸೆ ಕೊಡುವ ಕೆಲಸ ಶುರು ಮಾಡಿದೆ. ಎದುರಿಗೆ ಬಂದು ಕೂತವರು ಸಾಗರ, ತೀರ್ಥಹಳ್ಳಿ, ಭದ್ರಾವತಿ ಕಡೆಯವರು. ನಿದ್ದೆ ಬಾರದವರು, ನೋವು ಬಿಡದವರು, ಬಸ್ಸು ಹತ್ತಲು ಹೆದರುವವರು. ಸಮ್ಮೋಹನದಲ್ಲಿ ಹೇಳುವ ಸಲಹೆಯ ಮಾತುಗಳನ್ನು ನಾನು ಕನ್ನಡಕ್ಕೆ ತಿರುಗಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಅದನ್ನೇ ಮೆಲ್ಲಗೆ ಓದುತ್ತಿದ್ದೆ. "ನೀವು ಈಗ ಆಳವಾದ ವಿಶ್ರಾಂತಿಯ ಸ್ಥಿತಿಯನ್ನು ಪ್ರವೇಶಿಸುತ್ತಿದ್ದೀರಿ..."

ಒಂದು ದಿನ, ತಿಂಗಳುಗಟ್ಟಲೆ ನಿದ್ದೆಯಿಲ್ಲದೆ ಸೊರಗಿದ್ದ ಒಬ್ಬ ತಾಯಿ ಅರ್ಧಕ್ಕೇ ಕಣ್ಣು ಬಿಟ್ಟರು. "ಮೇಡಂ, ಅದೇನೋ ಪ್ರವೇಶ ಅಂದ್ರಲ್ಲ, ನಾನೇನು ಮಾಡ್ಬೇಕು ಹೇಳಿ, ಮಾಡ್ತೀನಿ" ಅಂದರು. ಅಷ್ಟು ಹೊತ್ತೂ ಅವರು ಹುಬ್ಬು ಗಂಟಿಕ್ಕಿಕೊಂಡು, ಒಂದು ಮಾತೂ ತಪ್ಪಿಹೋಗಬಾರದು ಅಂತ ಕೇಳುತ್ತಿದ್ದರು. ಆ ಗಂಟು ನನಗೆ ಕಂಡಿರಲಿಲ್ಲ. ನನ್ನ ಕಣ್ಣು ನೋಟ್‌ಬುಕ್ಕಿನ ಮೇಲಿತ್ತು.

ಆ ವಾರ ಮಿಲ್ಟನ್ ಎರಿಕ್ಸನ್ ಬಗ್ಗೆ ಮತ್ತೆ ಓದಲು ಕೂತೆ. ಸಮ್ಮೋಹನದ ಚಿಕಿತ್ಸೆಗೆ ಹೆಸರಾದ ಅಮೆರಿಕದ ಮನೋವೈದ್ಯ ಅವರು. ಮೊದಲು ಓದಿದ್ದು ಪರೀಕ್ಷೆಗೆ, ಈ ಸಲ ಆ ತಾಯಿಗೋಸ್ಕರ.

ಎರಿಕ್ಸನ್ ಹುಟ್ಟಿದ್ದು 1901ರಲ್ಲಿ, ಅಮೆರಿಕದ ನೆವಾಡಾದಲ್ಲಿ. ಬೆಳೆದದ್ದು ವಿಸ್ಕಾನ್ಸಿನ್‌ನ ಒಂದು ಒಕ್ಕಲು ಮನೆಯಲ್ಲಿ. 17ನೇ ವಯಸ್ಸಿಗೆ ಪೋಲಿಯೊ ಬಡಿಯಿತು. ಹುಡುಗ ಬೆಳಗಿನವರೆಗೆ ಉಳಿಯುವುದಿಲ್ಲ ಅಂತ ವೈದ್ಯರು ತಾಯಿಗೆ ಹೇಳಿದ್ದು ಪಕ್ಕದ ಕೋಣೆಯಿಂದ ಅವರ ಕಿವಿಗೆ ಬಿತ್ತು. ಅವರು ತಾಯಿಗೆ ಹೇಳಿ ಕೋಣೆಯಲ್ಲಿದ್ದ ಕಪಾಟನ್ನು ಪಕ್ಕಕ್ಕೆ ಸರಿಸುವಂತೆ ಮಾಡಿದರು. ಯಾಕೆಂದರೆ ಅದು ಅಡ್ಡ ಇದ್ದರೆ ಪಡುವಣದ ಕಿಟಕಿ ಕಾಣುತ್ತಿರಲಿಲ್ಲ. ಸಾಯುವುದೇ ಆದರೆ ಇನ್ನೊಂದು ಸೂರ್ಯಾಸ್ತ ನೋಡದೆ ಸಾಯಬಾರದು ಅನ್ನುವ ಹಟ. ನೋಡಿದರು. ಆಮೇಲೆ ಮೂರು ದಿನ ಎಚ್ಚರ ಇರಲಿಲ್ಲ. ಬದುಕಿ ಉಳಿದರು.

ಎದ್ದಾಗ ಕಣ್ಣು ಆಡಿಸುವುದು, ಕಷ್ಟಪಟ್ಟು ಮಾತಾಡುವುದು ಬಿಟ್ಟರೆ ಬೇರೇನೂ ಆಗುತ್ತಿರಲಿಲ್ಲ. ಮಲಗಿದ್ದಲ್ಲೇ ಮನೆಯವರನ್ನು ನೋಡುವುದೇ ಕೆಲಸ. ಅಕ್ಕತಂಗಿಯರು ಬಾಯಲ್ಲಿ ಬೇಡ ಅಂದು ದನಿಯಲ್ಲಿ ಬೇಕು ಅನ್ನುವುದು, ಪುಟ್ಟ ತಂಗಿ ಬಿದ್ದು ಎದ್ದು ನಡೆಯಲು ಕಲಿಯುವುದು, ಎಲ್ಲ ಗಮನಿಸಿದರು. ಒಮ್ಮೆ ತೂಗುಕುರ್ಚಿಯಲ್ಲಿ ಕೂರಿಸಿ ಮನೆಯವರೆಲ್ಲ ಹೊರಗೆ ಹೋಗಿದ್ದರು. ಕಿಟಕಿ ದೂರ ಇತ್ತು. ಹೊರಗೆ ನೋಡಬೇಕು ಅಂತ ಮನಸ್ಸು ಎಷ್ಟು ಹಂಬಲಿಸಿತು ಅಂದರೆ, ಕುರ್ಚಿ ಸಣ್ಣಗೆ ತೂಗತೊಡಗಿತು. ಮೈಗೆ ಹೇಳದೇ ಮೈ ಕೇಳಿಸಿಕೊಂಡಿತ್ತು. ಮುಂದೆ ಅವರು ಮಾಡಿದ ಸಮ್ಮೋಹನವೆಲ್ಲ ಆ ಕುರ್ಚಿಯಿಂದ ಬಂದದ್ದು ಅಂತ ನನಗೆ ಅನಿಸುತ್ತದೆ.

ಮನೋವೈದ್ಯರಾಗಿ 1948ರಲ್ಲಿ ಅರಿಜೋನಾದ ಫೀನಿಕ್ಸ್‌ಗೆ ಬಂದರು. 1957ರಲ್ಲಿ ಅಮೆರಿಕನ್ ಸೊಸೈಟಿ ಆಫ್ ಕ್ಲಿನಿಕಲ್ ಹಿಪ್ನಾಸಿಸ್ ಅನ್ನುವ, ಚಿಕಿತ್ಸೆಗೆ ಸಮ್ಮೋಹನ ಬಳಸುವವರ ಸಂಘ ಕಟ್ಟಿದರು, ಅದರ ಪತ್ರಿಕೆಗೆ ಹತ್ತು ವರ್ಷ ಸಂಪಾದಕರಾದರು. ವೈದ್ಯರಿಗೆ, ಹಲ್ಲಿನ ಡಾಕ್ಟರುಗಳಿಗೆ, ಮನಶ್ಶಾಸ್ತ್ರಜ್ಞರಿಗೆ ಊರೂರು ತಿರುಗಿ ಕಲಿಸಿದರು. ತಿರುಗಲು ಆಗದೆ ಗಾಲಿಕುರ್ಚಿ ಹಿಡಿದ ಮೇಲೆ ಕಲಿಯುವವರೇ ಅವರ ಮನೆಗೆ ಬರತೊಡಗಿದರು. ಬಣ್ಣ ಸರಿಯಾಗಿ ಕಾಣದ ಕಣ್ಣಿಗೆ ನೇರಳೆ ಇಷ್ಟ, ಹಾಗಾಗಿ ಮೈಮೇಲೆ ನೇರಳೆ ಬಟ್ಟೆ. ಪಾಠ ಅಂದರೆ ಕಥೆಗಳು. ಕೆಲವರಿಗೆ ಪಾಠಕ್ಕೆ ಮೊದಲು ಊರಿನ ಪಕ್ಕದ ಗುಡ್ಡ ಹತ್ತಿ ಬನ್ನಿ ಅನ್ನುತ್ತಿದ್ದರಂತೆ. 1980ರ ಮಾರ್ಚ್ 25ರಂದು ತೀರಿಕೊಂಡರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅವರ ವಿಧಾನದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ಫೀನಿಕ್ಸ್‌ನಲ್ಲೇ ನಡೆಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿಕ್ಕ ಸಂಗತಿ. ಎರಿಕ್ಸನ್ ಕಲಿಯುವ ಕಾಲದಲ್ಲಿ ಸಲಹೆಯ ಮಾತುಗಳನ್ನು 40 ಪುಟ ಬರೆಯುತ್ತಿದ್ದರು. ಅದನ್ನು 20ಕ್ಕೆ ಇಳಿಸುತ್ತಿದ್ದರು. ಆಮೇಲೆ 10ಕ್ಕೆ. ಒಂದೊಂದು ಮಾತನ್ನೂ ತೂಗಿ ನೋಡಿ ಕೊನೆಗೆ ಸುಮಾರು 5 ಪುಟಕ್ಕೆ ತರುತ್ತಿದ್ದರು. ಅಷ್ಟು ದೊಡ್ಡ ಮನುಷ್ಯ ಹೀಗೆ ಕೂತು ಬರೆದಿದ್ದಾರೆ ಅಂದರೆ ನಾನು ಬರೆಯದೆ ಹೇಗೆ?

ಬರೆಯಲು ಕೂತೆ. ಈ ಸಲ ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು ಬರೆದೆ. ನಮ್ಮ ಅಜ್ಜಿ ಮಗುವನ್ನು ಮಲಗಿಸುವಾಗ ಏನನ್ನುತ್ತಿದ್ದಳು, ಜ್ವರ ಬಂದವರ ಹಣೆ ಮೇಲೆ ಕೈಯಿಟ್ಟು ಏನನ್ನುತ್ತಿದ್ದಳು, ಅದನ್ನೆಲ್ಲ ನೆನಪು ಮಾಡಿಕೊಂಡು ಬರೆದೆ. 12ನೇ ಪುಟಕ್ಕೆ ಬರುವಷ್ಟರಲ್ಲಿ ಒಂದು ವಿಷಯ ಹೊಳೆಯಿತು. ಎರಿಕ್ಸನ್ ಇಂಗ್ಲಿಷಿನಲ್ಲಿ ಕಷ್ಟಪಟ್ಟು ಕಟ್ಟಿದ್ದು ನಮ್ಮ ಮಾತಿನಲ್ಲಿ ಆಗಲೇ ಇದೆ!

ನೋಡಿ, ಅವರು "ಕೈ ಎತ್ತು" ಅಂತ ಅಪ್ಪಣೆ ಮಾಡುವುದು ಕಡಿಮೆ. ಕೈ ತಾನಾಗಿಯೇ ಹಗುರಾಗುವುದಕ್ಕೆ ಜಾಗ ಮಾಡಿಕೊಡುತ್ತಾರೆ. ನಾವು ದಿನಾ ಹೇಗೆ ಮಾತಾಡುತ್ತೇವೆ? ನಿದ್ದೆ ಬಂತು ಅನ್ನುತ್ತೇವೆ. ನೆನಪಾಯಿತು, ಸುಸ್ತಾಯಿತು, ಮರೆತುಹೋಯಿತು ಅನ್ನುತ್ತೇವೆ. ನಾನು ಮಾಡಿದೆ ಅನ್ನುವುದಿಲ್ಲ, ನನಗೆ ಆಯಿತು ಅನ್ನುತ್ತೇವೆ. ನಿದ್ದೆಯ ಹತ್ತಿರ ನಾವು ಹೋಗುವುದಿಲ್ಲ, ಅದೇ ಬರುತ್ತದೆ. ಹಾಗಿದ್ದ ಮೇಲೆ ಆ ತಾಯಿಗೆ "ಪ್ರವೇಶಿಸಿ" ಅಂದದ್ದು ಎಷ್ಟು ದೊಡ್ಡ ತಪ್ಪು, ಅಲ್ವಾ?

ಇನ್ನು "ಇರಲಿ ಬಿಡಿ" ಅನ್ನುವ ಮಾತು. ಕೈ ಅದರ ಪಾಡಿಗೆ ಅದು ಇರಲಿ ಬಿಡಿ. ಯೋಚನೆ ಬಂದರೆ ಬರಲಿ, ಹೋದರೆ ಹೋಗಲಿ. ಹೀಗೆ ಹೇಳುವಾಗ ಎದುರಿಗಿರುವವರ ಭುಜ ಇಳಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವುದು "ಸುಮ್ನೆ". ಸುಮ್ನೆ ಕೂತ್ಕೊಳ್ಳಿ. ಸದ್ದು ಮಾಡಬೇಡಿ ಅಂತಲೂ ಹೌದು, ಏನೂ ಉದ್ದೇಶ ಇಟ್ಟುಕೊಳ್ಳಬೇಡಿ ಅಂತಲೂ ಹೌದು. ಸಮ್ಮೋಹನದ ಅರ್ಧ ಕೆಲಸ ಆ ಒಂದು ಮಾತೇ ಮಾಡಿಬಿಡುತ್ತದೆ. ನನ್ನ 5 ಪುಟದಲ್ಲಿ ಅದು ಎಷ್ಟು ಸಲ ಬರುತ್ತದೋ ಲೆಕ್ಕವಿಲ್ಲ.

40 ಪುಟ 5 ಆಗಲು ಏಳು ತಿಂಗಳು ಹಿಡಿಯಿತು. ಆಮೇಲೆ ಆ ಐದನ್ನೂ ಮೇಜಿನ ಮೇಲೆ ಇಟ್ಟುಕೊಳ್ಳುವುದನ್ನು ಬಿಟ್ಟೆ. ಕಣ್ಣು ಕೂತವರ ಮೇಲೆ ಇರಬೇಕಲ್ಲ.

ನೋಡುವುದನ್ನೂ ಕಲಿಯಬೇಕಿತ್ತು. ಅದಕ್ಕೆ ನನಗೆ ಸಿಕ್ಕ ಶಾಲೆ ಸಾಗರದ ಬಸ್ಸು. ವಾರಕ್ಕೆರಡು ಸಲ ಅಲ್ಲಿಗೆ ಹೋಗಿ ಬರುತ್ತಿದ್ದೆ. ಮೊಬೈಲ್ ಚೀಲದೊಳಗಿಟ್ಟು ಪಕ್ಕದ ಸಾಲಿನ ಒಬ್ಬರ ಉಸಿರು ನೋಡುವುದು. ಹೊಟ್ಟೆಯಲ್ಲಿ ಉಸಿರಾಡುತ್ತಾರಾ, ಎದೆಯಲ್ಲಾ? ನಿದ್ದೆ ಹತ್ತುವ ಮುಂಚೆ ಏನು ಬದಲಾಗುತ್ತದೆ? ರೆಪ್ಪೆ ಬಡಿಯುವುದು ನಿಧಾನ ಆಗುತ್ತದೆ, ಕೆನ್ನೆ ಸಡಿಲವಾಗುತ್ತದೆ, ಒಂದು ಸಲ ಗುಟುಕು ನುಂಗುತ್ತಾರೆ. ಎರಿಕ್ಸನ್ ತಮ್ಮ ಮಾತನ್ನು ರೋಗಿಯ ಉಸಿರಿಗೆ ಹೊಂದಿಸುತ್ತಿದ್ದರು. ನಾನು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಉಸಿರು ಹೊರಗೆ ಬಿಡುವಾಗ "ಇರಲಿ", ಮತ್ತೆ ಬಿಡುವಾಗ "ಬಿಡಿ".

ಇನ್ನು ಒಂದು ಪ್ರಸಂಗ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅರವತ್ತು ದಾಟಿದ ಒಬ್ಬ ಅಡಿಕೆ ಬೆಳೆಗಾರರು. ಸರ್ಪಸುತ್ತು ಆಗಿ ಗುಳ್ಳೆ ಒಣಗಿ ಎಂಟು ತಿಂಗಳಾಗಿತ್ತು. ಉರಿ ಮಾತ್ರ ಹೋಗಿರಲಿಲ್ಲ. ಎಡಗಡೆ ಪಕ್ಕೆಗೆ ಅಂಗಿ ತಾಗಿದರೂ ಬೆಂಕಿ. ಅಂಗಿಯನ್ನು ಎರಡು ಬೆರಳಲ್ಲಿ ಮೈಯಿಂದ ದೂರ ಹಿಡಿದುಕೊಂಡೇ ಒಳಗೆ ಬಂದರು, ಹಾಗೇ ಕೂತರು. ಅವರ ಡಾಕ್ಟರು ಮಾತ್ರೆ ಕೊಟ್ಟಿದ್ದರು, ಜೊತೆಗೆ ನನ್ನ ಹತ್ತಿರ ಕಳಿಸಿದ್ದರು. ಬಂದವರೇ ಮೊದಲು ಹೇಳಿದ್ದು: "ಮೇಡಂ, ನಂಗೆ ಈ ಹಿಪ್ನಾಟಿಸಂ ಎಲ್ಲ ಬೇಡ. ಎಚ್ಚರ ತಪ್ಸೋದು, ವಶ ಮಾಡ್ಕೊಳ್ಳೋದು, ಅದೆಲ್ಲ ನಮ್ಮನೇಲಿ ಆಗೋದಲ್ಲ."

ಬೇಡ ಬಿಡಿ ಅಂದೆ. ಸುಮ್ನೆ ಮಾತಾಡೋಣ, ಮಾತಾಡ್ತಾ ಪಕ್ಕೆಗೆ ಸ್ವಲ್ಪ ಹಾಯೆನಿಸಿದರೆ ನಿಮಗೆ ಅಡ್ಡಿ ಇಲ್ಲ ತಾನೆ ಅಂತ ಕೇಳಿದೆ. ಅದಕ್ಕೆ ಯಾರು ಬೇಡ ಅಂತಾರೆ ಅಂದರು.

ನನಗೆ ಎರಿಕ್ಸನ್ ಅವರ ಹೂವಿನ ವ್ಯಾಪಾರಿ ನೆನಪಾಗಿದ್ದ. 1966ರಲ್ಲಿ ಅವರು ಬರೆದ ಲೇಖನದಲ್ಲಿ ಬರುವವನು. ಮುಖದ ಕ್ಯಾನ್ಸರ್, ಸಹಿಸಲಾಗದ ನೋವು, ಮಾತು ನಿಂತು ಬರೆದು ತೋರಿಸುವ ಸ್ಥಿತಿ. ಸಮ್ಮೋಹನ ಅನ್ನುವ ಶಬ್ದವೇ ಆತನಿಗೆ ಆಗುತ್ತಿರಲಿಲ್ಲ. ಎರಿಕ್ಸನ್ ಆತನ ಜೊತೆ ಟೊಮೆಟೊ ಗಿಡದ ಬಗ್ಗೆ ಮಾತಾಡಿದರು. ಬೀಜ, ಮಣ್ಣು, ಮಳೆ, ಗಿಡ ಸಾವಕಾಶ ಬೆಳೆಯುವುದು. ನಡುನಡುವೆ ನೆಮ್ಮದಿಯ, ಹಾಯಾಗಿರುವ ಮಾತುಗಳನ್ನು ಬಿತ್ತುತ್ತಾ ಹೋದರು. ಆತನ ನೋವು ಇಳಿಯಿತು.

ನಾನು ಅಡಿಕೆ ಬೆಳೆದವಳಲ್ಲ. ಹಾಗಾಗಿ ಕೇಳಿದೆ. ಪಡುವಣ ಬಿಸಿಲಿಗೆ ಅಡಿಕೆ ಮರ ಸುಡುತ್ತದಂತೆ, ಏನು ಮಾಡ್ತೀರಿ? ಅವರ ಮುಖ ಬೆಳಗಿತು. ಎಳೆ ಮರಕ್ಕೆ ಸೋಗೆ ಸುತ್ತಿ ಕಟ್ಟುವುದು, ಕೆಲವರು ಸುಣ್ಣ ಬಳಿಯುವುದು, ಎಲ್ಲ ಹೇಳಿದರು. ಬಿಸಿಲು ಬೀಳುವ ಪಕ್ಕಕ್ಕೆ ಮಾತ್ರ ಕಟ್ಟಿದರೂ ಸಾಕು ಅಂದರು. ನಾನು ಅವರ ಉಸಿರು ನೋಡುತ್ತಾ ಅವರದೇ ಮಾತನ್ನು ಅವರಿಗೇ ತಿರುಗಿ ಕೊಟ್ಟೆ. ಬಿಸಿಲು ಅದರ ಪಾಡಿಗೆ ಇರಲಿ. ಸೋಗೆ ಒಳಗೆ ಮರ ತಂಪಾಗಿರುತ್ತದೆ, ಅಲ್ವಾ. ಬಿಸಿಲಿದೆ ಅಂತ ಮರಕ್ಕೆ ಗೊತ್ತಾದರೂ ಸುಡುವುದಿಲ್ಲ. ಬೆಳಗ್ಗೆ ಕಾಲುವೆಯಲ್ಲಿ ನೀರು ಹರಿಯುವಾಗ ಬುಡ ತಣ್ಣಗಾಗುತ್ತದೆ. ಬುಡದಿಂದ ಮೇಲಕ್ಕೆ, ನಿಧಾನಕ್ಕೆ, ಆ ಪಕ್ಕಕ್ಕೂ. ಹಾಳೆ ಬಿದ್ದ ಸದ್ದು ಕೇಳಿದರೆ ಕೇಳಲಿ. ತೋಟದಲ್ಲಿ ಅವಸರ ಇಲ್ಲ.

ಮಾತು ಅವರದು ನಿಂತಿತು. ರೆಪ್ಪೆ ನಿಧಾನ ಆಯಿತು. ಗುಟುಕು ನುಂಗಿದರು. ಎರಡು ಬೆರಳಲ್ಲಿ ಹಿಡಿದಿದ್ದ ಅಂಗಿ ತಾನಾಗಿ ಕೈ ಜಾರಿ ಪಕ್ಕೆ ಮೇಲೆ ಕೂತಿತು. ಅವರು ಮುಖ ಕಿವುಚಲಿಲ್ಲ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಹತ್ತು ನಿಮಿಷದ ಮೇಲೆ ಕಣ್ಣು ಬಿಟ್ಟರು. ಹೋಗುವಾಗ ಬಾಗಿಲ ಹತ್ತಿರ ನಿಂತು, "ತಂಗೀ, ಮುಂದಿನ ಸಲ ಕೊಳೆರೋಗಕ್ಕೆ ಔಷಧಿ ಹೊಡೆಯೋದು ಹೇಳ್ತೀನಿ" ಅಂದರು. ಆರು ಸಲ ಬಂದರು. ಉರಿ ಪೂರ್ತಿ ಹೋಗಲಿಲ್ಲ, ಮಾತ್ರೆಯನ್ನೂ ನಿಲ್ಲಿಸಲಿಲ್ಲ. ಆದರೆ ಅಂಗಿ ಹಾಕಿಕೊಂಡು ಮಲಗುವಂತಾದರು. ಮದುವೆ ಮನೆಗೆ ಹೋಗಿ ನಾಲ್ಕು ಜನರ ನಡುವೆ ಕೂತು ಊಟ ಮಾಡಿ ಬಂದೆ ಅಂದ ದಿನ ನನಗೆ ಎಷ್ಟು ಖುಷಿಯಾಯಿತು ಅಂತ ಹೇಳಲಾರೆ.

ಎರಿಕ್ಸನ್ ಮಾಡಿದ್ದೆಲ್ಲ ನಾನು ಮಾಡುವುದಿಲ್ಲ. ಅವರ ಎಷ್ಟೋ ಕಥೆಗಳನ್ನು ಹೇಳಿದ್ದು ಅವರೇ, ಪಕ್ಕದಲ್ಲಿ ನಿಂತು ಅಳೆದವರು ಇಲ್ಲ. ಕೆಲವು ಕಡೆ ರೋಗಿಗೆ ತಿಳಿಸದೆಯೇ ಕೆಲಸ ಮಾಡಿದ್ದಾರೆ, ಕೆಲವು ಕಡೆ ತುಂಬಾ ಗಟ್ಟಿಯಾಗಿ ಅಪ್ಪಣೆ ಕೊಟ್ಟಿದ್ದಾರೆ. ಇವತ್ತಿನ ಕಾಲಕ್ಕೆ ಅದು ಸರಿ ಅಲ್ಲ ಅನ್ನುವುದು ನನ್ನ ನಿಲುವು. ಅದಕ್ಕೇ ಆ ರೈತರಿಗೆ ಮಾತಿನ ಉದ್ದೇಶ ಮೊದಲೇ ಹೇಳಿ, ಅವರು ಒಪ್ಪಿದ ಮೇಲೆ ಶುರು ಮಾಡಿದ್ದು.

ನೆನಪು ಕೆದಕುವ ಕೆಲಸವನ್ನಂತೂ ನಾನು ಮುಟ್ಟುವುದಿಲ್ಲ. ಒಂದು ಮನೆಯವರು ಕೆಲಸದ ಹುಡುಗಿಯನ್ನು ಕರೆತಂದಿದ್ದರು. ಒಡವೆ ಕಾಣುತ್ತಿಲ್ಲ, ಇವಳ ಬಾಯಿ ಬಿಡಿಸಿ ಅಂತ. ಹುಡುಗಿ ನೆಲ ನೋಡುತ್ತಾ ನಿಂತಿದ್ದಳು. ಆಗುವುದಿಲ್ಲ ಅಂತ ಅಲ್ಲೇ ಹೇಳಿದೆ. ಸಮ್ಮೋಹನದಲ್ಲಿ ಬಂದ ನೆನಪು ಜಾಸ್ತಿ ನಿಜ ಅಲ್ಲ. ಜಾಸ್ತಿ ಆಗುವುದು ಅದರ ಮೇಲಿನ ನಂಬಿಕೆ ಮಾತ್ರ. ಆ ಅಪಾಯವನ್ನು ಅಮೆರಿಕದ ವೈದ್ಯಕೀಯ ಸಂಘ 1985ರಲ್ಲೇ ವರದಿ ಮಾಡಿ ಹೇಳಿದೆ. ಆದರೂ ಎರಡು ದಿನದ ತರಬೇತಿ ಕೊಟ್ಟು, ಪ್ರಮಾಣಪತ್ರ ಹಂಚಿ, ಹೋದ ಜನ್ಮ ತೋರಿಸಿ ಅಂತ ಕಳಿಸುವವರು ಇದ್ದಾರೆ. ಅಂಥದ್ದೊಂದಕ್ಕೆ ನಾನೇ ದುಡ್ಡು ಕಟ್ಟಿ ಕೂತು ಬಂದಿದ್ದೇನೆ. ಅಲ್ಲಿ ಒಬ್ಬ ಹುಡುಗಿ ಅಳತೊಡಗಿದಾಗ ವೇದಿಕೆ ಮೇಲಿದ್ದವರಿಗೆ ಅವಳನ್ನು ಸಮಾಧಾನ ಮಾಡಲು ಗೊತ್ತಾಗಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ. ಎರಿಕ್ಸನ್ ಕಟ್ಟಿದ ಸೊಸೈಟಿ ಮೊದಲಿಂದಲೂ ಚಿಕಿತ್ಸೆಯ ವೃತ್ತಿಯಲ್ಲಿ ಇರುವವರಿಗೆ ಮಾತ್ರ ಕಲಿಸಿತು. ಅದು ಯಾಕೆ ಅಂತ ಆ ದಿನ ಅರ್ಥವಾಯಿತು.

ಈಗ ನನ್ನ ಹತ್ತಿರ ಇಬ್ಬರು ಕಲಿಯುತ್ತಿದ್ದಾರೆ. ಇಬ್ಬರೂ ಮನಶ್ಶಾಸ್ತ್ರ ಓದಿದವರು. ನನ್ನ 5 ಪುಟವನ್ನು ಅವರಿಗೆ ಕೊಟ್ಟಿಲ್ಲ. ನಿಮ್ಮ ಮನೆಯ ಮಾತಿನಲ್ಲಿ 40 ಪುಟ ಬರೆದು ತನ್ನಿ ಅಂದಿದ್ದೇನೆ. ಒಬ್ಬಳು ಧಾರವಾಡ ಕಡೆಯವಳು. ಹೋದ ಶನಿವಾರ ತಂದು ಓದಿ ತೋರಿಸಿದಳು. "ಸುಮ್ನ ಕುಂದರ್ರಿ. ಕೈ ತನ್ನ ಪಾಡಿಗೆ ತಾ ಇರ್ಲಿ ಬಿಡ್ರಿ." ಓದುವಾಗ ಒಂದು ಕಡೆಯೂ ತಡವರಿಸಲಿಲ್ಲ. ನಾನು ಅವಳ ಭುಜ ನೋಡುತ್ತಿದ್ದೆ, ಅದು ಇಳಿದಿತ್ತು. ಇನ್ನೂ 18 ಪುಟ ಬರೆಯುವುದಿದೆ ಅಂದಳು. ನಿಧಾನಕ್ಕೆ ಬರಿ ಅಂದೆ.