ಮಾಳಿಗೆ ಮೇಲಿನ ಸಿಗ್ನಲ್, ಬಸ್ಸಿನಲ್ಲಿ ಬಂದ ಕೋಡ್

ರಾತ್ರಿ ಎರಡೂಮುಕ್ಕಾಲು. ಮಾಳಿಗೆ ಮೇಲೆ ನೀರಿನ ಟ್ಯಾಂಕಿನ ಪಕ್ಕ ಫೋನ್ ಇಟ್ಟು, ಅದರ ಹಾಟ್‌ಸ್ಪಾಟ್ ಹಿಡಿದು ಕೆಳಗಿನ ಕೋಣೆಯಲ್ಲಿ ಕೂತಿದ್ದೆ. ಗಿಟ್ ಕ್ಲೋನ್ ಓಡುತ್ತಿತ್ತು. ಗಿಟ್ ಅಂದರೆ ಕೋಡನ್ನೂ ಅದರ ಹಿಂದಿನ ಎಲ್ಲ ಬದಲಾವಣೆಗಳನ್ನೂ ಕಾಪಾಡುವ ಸಾಧನ, ಕ್ಲೋನ್ ಅಂದರೆ ಅದರ ಪೂರ್ತಿ ನಕಲನ್ನು ಸರ್ವರಿನಿಂದ ಇಳಿಸಿಕೊಳ್ಳುವುದು. ಶೇಕಡ 83 ಅಂತ ತೋರಿಸಿತು. ಆಮೇಲೆ 84 ಬರಲೇ ಇಲ್ಲ. ‘ಅರ್ಲಿ ಇಒಎಫ್’ ಅಂತ ಒಂದು ಸಾಲು, ‘ಇಂಡೆಕ್ಸ್ ಪ್ಯಾಕ್ ಫೇಲ್ಡ್’ ಅಂತ ಇನ್ನೊಂದು ಸಾಲು, ಅಷ್ಟೇ. ಲೈನ್ ನಡುವೆ ಕಡಿದಿತ್ತು. ಮತ್ತೆ ಕ್ಲೋನ್ ಕೊಟ್ಟೆ. ಸೊನ್ನೆಯಿಂದ ಶುರುವಾಯಿತು. ಆ ವಾರ ಅದು ನಾಲ್ಕನೇ ಸಲ.

“ಯಾಕೋ, ಇನ್ನಾ ಮಲಗಿಲ್ಲೇನು?” ಅಂತ ಅಮ್ಮ ಒಳಗಿನಿಂದ ಕೂಗಿದರು. ಏನಂತ ಹೇಳಲಿ?

ಇದು 2021ರ ಮಾತು. ನಮ್ಮೂರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ರಂಗಯ್ಯನದುರ್ಗದ ಕೊಂಡುಕುರಿ ಕಾಡು ಇರುವ ಸೀಮೆ. ಅಪ್ಪನಿಗೆ ಹುಷಾರಿಲ್ಲ ಅಂತ ಬೆಂಗಳೂರಿನಿಂದ ಬಂದವನು ಇಲ್ಲೇ ಉಳಿದುಬಿಟ್ಟೆ. ನನ್ನ ಕೆಲಸ ಸಣ್ಣ ಸಣ್ಣ ಬೋರ್ಡ್‌ಗಳಿಗೆ ಲಿನಕ್ಸ್ ಕರ್ನಲ್, ಅಂದರೆ ಆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು, ಹೊಂದಿಸುವುದು. ಕಂಪನಿಯ ಕೋಡ್ ಕರ್ನಲ್ 5.10ರ ಮೇಲೆ ಕಟ್ಟಿದ್ದು. ಹಿಂದಿನ ಬದಲಾವಣೆಗಳ ಇತಿಹಾಸ, ಚಿಪ್‌ಗಳೊಳಗೆ ಓಡುವ ಫರ್ಮ್‌ವೇರ್ ಎಲ್ಲ ಸೇರಿ 5.5 ಜಿಬಿ. ನನ್ನ ರೀಚಾರ್ಜಿನಲ್ಲಿ ದಿನಕ್ಕೆ 1.5 ಜಿಬಿ. ಲೆಕ್ಕ ಅಲ್ಲೇ ತಪ್ಪಿತ್ತು. ಆದರೂ ಎಕ್ಸ್‌ಟ್ರಾ ಡೇಟಾ ಹಾಕಿಸಿ ಹಠ ಹಿಡಿದಿದ್ದೆ.

ಹಠ ಬಿಟ್ಟು ಯೋಚನೆ ಮಾಡಿದಾಗ ಒಂದು ವಿಷಯ ಗೊತ್ತಾಯಿತು. ನಮ್ಮೂರಿನ ನೆಟ್ ನಿಧಾನ ಅನ್ನುವುದು ಅಸಲು ತೊಂದರೆಯೇ ಅಲ್ಲ. ನಿಧಾನವಾದರೆ ಕಾಯಬಹುದು. ಅದು ಕಡಿದು ಹೋಗುತ್ತದೆ, ಅದೇ ತೊಂದರೆ. ಇಪ್ಪತ್ತು ನಿಮಿಷ ಚೆನ್ನಾಗಿ ಬರುತ್ತದೆ, ಎರಡು ನಿಮಿಷ ಸತ್ತಂತೆ ಇರುತ್ತದೆ. ಕರೆಂಟ್ ಹೋದರೆ ಟವರೂ ಹೋಗುತ್ತದೆ. ಹಾಗಾಗಿ ಯಾವ ಕೆಲಸ ನಡುವೆ ಕಡಿದರೆ ಪೂರ್ತಿ ಹಾಳಾಗುತ್ತದೋ ಅದು ಇಲ್ಲಿ ಆಗುವುದಿಲ್ಲ. ಗಿಟ್ ಕ್ಲೋನ್ ಅಂಥ ಕೆಲಸ.

ಯಾಕೆ ಅಂದರೆ, ನಾವು ಕ್ಲೋನ್ ಕೇಳಿದಾಗ ಸರ್ವರ್ ಬಳಿ ಕೊಡುವುದಕ್ಕೆ ತಯಾರಾದ ಫೈಲ್ ಇರುವುದಿಲ್ಲ. ಕೇಳಿದವರಿಗೆ ಏನು ಬೇಕೋ ನೋಡಿಕೊಂಡು ಆಗಿಂದಾಗಲೇ ಒಂದು ಪ್ಯಾಕ್ ಕಟ್ಟಿ ಹರಿಸುತ್ತದೆ. ಇನ್ನೊಮ್ಮೆ ಕೇಳಿದರೆ ಇನ್ನೊಮ್ಮೆ ಕಟ್ಟುತ್ತದೆ. ಅದು ಬೈಟ್‌ಗೆ ಬೈಟ್ ಮೊದಲಿನಂತೆಯೇ ಇರಬೇಕು ಅಂತಿಲ್ಲ. ಹಾಗಾಗಿ ‘ಅರ್ಧ ಬಂದಿದೆ, ಉಳಿದರ್ಧ ಕೊಡು’ ಅಂತ ಕೇಳುವ ದಾರಿಯೇ ಇಲ್ಲ. ಹೋಟೆಲಿನಲ್ಲಿ ಬೆಣ್ಣೆ ದೋಸೆ ಅರ್ಧ ತಿಂದು ಎದ್ದು ಹೋಗಿ, ನಾಳೆ ಬಂದು ಉಳಿದರ್ಧ ಕೇಳಿದ ಹಾಗೆ. ಅದೇ ಸರ್ವರಿನಲ್ಲಿ ಸುಮ್ನೆ ಕೂತಿರುವ ಒಂದು ಫೈಲ್ ಆದರೆ, ಫೈಲ್ ಇಳಿಸುವ ವಿಗೆಟ್ ಕಮಾಂಡಿಗೆ ‘ಸಿ’ ಆಯ್ಕೆ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಇಷ್ಟು ತಿಳಿಯುವ ಮೊದಲು ಯಾರೋ ಹೇಳಿದ್ದನ್ನು ಕೇಳಿ ‘ಪೋಸ್ಟ್ ಬಫರ್’ ಅನ್ನುವ ಸೆಟ್ಟಿಂಗ್ ಜಾಸ್ತಿ ಮಾಡಿ ಎರಡು ರಾತ್ರಿ ಕಳೆದಿದ್ದೆ. ಅದು ನಾವು ಸರ್ವರಿಗೆ ಕಳಿಸುವಾಗಿನ ಸೆಟ್ಟಿಂಗ್. ಇಳಿಸಿಕೊಳ್ಳುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆದರೂ ಎಲ್ಲ ಕಡೆ ಅದನ್ನೇ ಔಷಧಿ ಅಂತ ಬರೆದುಕೊಡುತ್ತಾರೆ.

ಮೊದಲು ಕೈಹಿಡಿದದ್ದು ಶ್ಯಾಲೋ ಕ್ಲೋನ್. ಡೆಪ್ತ್ 1 ಅಂತ ಕೊಟ್ಟರೆ ಇವತ್ತಿನ ಕೋಡ್ ಮಾತ್ರ ಬರುತ್ತದೆ, ಇತಿಹಾಸ ಬರುವುದಿಲ್ಲ. ನಮ್ಮದು ಅದರಲ್ಲೂ ದೊಡ್ಡದೇ. ಆದರೂ ಎರಡನೇ ಪ್ರಯತ್ನಕ್ಕೆ, ಬೆಳಗಿನ ನಾಲ್ಕೂವರೆಗೆ, ಬಂದಿತು. ಅವತ್ತು ಬೆಳಿಗ್ಗೆ ಹತ್ತಕ್ಕೆ ಕೆಲಸಕ್ಕೆ ಕೂತೆ. ಕಂಪೈಲ್ ಆಯಿತು, ಬೋರ್ಡ್ ಎದ್ದಿತು. ಎರಡು ದಿನ ಖುಷಿಯಲ್ಲಿದ್ದೆ.

ಮೂರನೇ ದಿನ ಒಂದು ಸಾಲು ಯಾಕೆ ಹೀಗಿದೆ ಅಂತ ನೋಡಲು ಬ್ಲೇಮ್ ಕೊಟ್ಟೆ. ಯಾವ ಸಾಲನ್ನು ಯಾರು ಯಾವಾಗ ಬರೆದರು ಅಂತ ತೋರಿಸುವ ಕಮಾಂಡ್ ಅದು. ಸಾವಿರಾರು ಸಾಲು, ಎಲ್ಲಕ್ಕೂ ಒಂದೇ ಕಮಿಟ್ (ದಾಖಲಾದ ಒಂದು ಬದಲಾವಣೆ), ಒಂದೇ ಹೆಸರು. ಪಾಪ, ಆ ಮನುಷ್ಯ ಇಡೀ ಕರ್ನಲ್ ಒಬ್ಬನೇ ಬರೆದ ಹಾಗಿತ್ತು. ದೋಷ ಯಾವ ಕಮಿಟ್‌ನಲ್ಲಿ ಬಂತು ಅಂತ ಇತಿಹಾಸವನ್ನು ಅರ್ಧರ್ಧ ಮಾಡಿ ಹುಡುಕುವ ಬೈಸೆಕ್ಟ್ ಅಂತೂ ಆಗುವ ಮಾತೇ ಅಲ್ಲ. ಸರಿ, ಸ್ವಲ್ಪ ಸ್ವಲ್ಪ ಆಳ ಮಾಡೋಣ ಅಂತ ‘ಡೀಪನ್’ 100 ಕೊಟ್ಟೆ. ನೂರು ಕಮಿಟ್ ಎಷ್ಟು ಬಂದೀತು, ನಾಲ್ಕೈದು ಎಂಬಿ ಅಂದುಕೊಂಡಿದ್ದೆ. ನಿಲ್ಲಲೇ ಇಲ್ಲ. ಕರ್ನಲ್ ಇತಿಹಾಸದಲ್ಲಿ ಮರ್ಜ್‌ಗಳು, ಅಂದರೆ ಬೇರೆ ಬೇರೆ ಕವಲಿನ ಕೆಲಸ ಒಂದಾಗುವ ಜಾಗಗಳು, ಜಾಸ್ತಿ. ಒಂದೊಂದು ಮರ್ಜ್‌ನಲ್ಲೂ ಕವಲು ಒಡೆಯುತ್ತದೆ, ಆಳವನ್ನು ಪ್ರತಿ ಕವಲಿನಲ್ಲೂ ಎಣಿಸುತ್ತದೆ. ಆಲದ ಮರದ ಬಿಳಲು ಎಣಿಸಲು ಹೋದ ಹಾಗಾಯಿತು. ನೇರ ಇತಿಹಾಸದ ಸಣ್ಣ ಯೋಜನೆಗಳಿಗೆ ಡೀಪನ್ ಒಳ್ಳೆಯದೇ. ಕರ್ನಲ್‌ಗಾದರೆ 5, 10 ಅಂತ ಹೆದರಿ ಹೆದರಿ ಕೊಡಬೇಕು.

ಆಗ ದಾವಣಗೆರೆ ನೆನಪಾಯಿತು. ವಿದ್ಯಾನಗರದಲ್ಲಿ ಅಕ್ಕನ ಮನೆ. ಅಲ್ಲಿ ಫೈಬರ್ ಇದೆ, ಇಂಜಿನಿಯರಿಂಗ್ ಓದುವ ತಮ್ಮನೂ ಅಲ್ಲೇ ಇದ್ದಾನೆ. ದಾವಣಗೆರೆಯಿಂದ ನಮ್ಮ ಕಡೆಗೆ ಪ್ರೈವೇಟ್ ಬಸ್ಸುಗಳಿವೆ. ಔಷಧಿ, ಮೋಟರಿನ ಬೇರಿಂಗು, ಮದುವೆ ಕಾರ್ಡು ಎಲ್ಲ ಡ್ರೈವರ್ ಕೈಯಲ್ಲೇ ಬರುತ್ತವೆ. ಕೋಡ್ ಯಾಕೆ ಬರಬಾರದು?

ಆಫೀಸಿಗೆ ಫೋನ್ ಮಾಡಿ ಮೊದಲು ಒಪ್ಪಿಗೆ ಕೇಳಿದೆ. ಕಂಪನಿಯ ಕೋಡ್ ಬಸ್ಸಿನಲ್ಲಿ ಬರುತ್ತದೆ ಅಂದರೆ ಯಾರಾದರೂ ಬೆಚ್ಚುತ್ತಾರೆ. ಎನ್‌ಕ್ರಿಪ್ಟ್ ಮಾಡಿದ್ದರೆ ಮಾತ್ರ ಅಂದರು, ನ್ಯಾಯವಾದ ಮಾತು. ಅಕ್ಕನ ಮನೆಯಲ್ಲಿದ್ದ ನನ್ನ ಹಳೇ ಡೆಸ್ಕ್‌ಟಾಪಿನಲ್ಲಿ ತಮ್ಮ ನಾನು ಹೇಳಿದಂತೆ ಕಮಾಂಡ್ ಹೊಡೆದ. ಅಲ್ಲಿ ಪೂರ್ತಿ ಕ್ಲೋನ್ ಅರ್ಧ ಗಂಟೆಯೂ ಹಿಡಿಯಲಿಲ್ಲ! ಅದನ್ನು ‘ಗಿಟ್ ಬಂಡಲ್’ ಮಾಡಿಸಿದೆ. ಬಂಡಲ್ ಅಂದರೆ ಇಡೀ ರೆಪೊಸಿಟರಿ (ಕೋಡು, ಇತಿಹಾಸ ಎಲ್ಲ ಇರುವ ಕಣಜ), ಎಲ್ಲ ಬ್ರಾಂಚು (ಕೆಲಸದ ಕವಲು), ಎಲ್ಲ ಟ್ಯಾಗು (ಒಂದು ಕಮಿಟ್‌ಗೆ ಇಟ್ಟ ಹೆಸರು) ಒಂದೇ ಫೈಲಿನಲ್ಲಿ. ಆ ಫೈಲನ್ನೇ ಸರ್ವರ್ ಅಂದುಕೊಂಡು ಗಿಟ್ ಕ್ಲೋನ್ ಮಾಡುತ್ತದೆ, ಫೆಚ್ ಮಾಡುತ್ತದೆ, ಅಂದರೆ ನಮ್ಮಲ್ಲಿಲ್ಲದ್ದನ್ನು ಮಾತ್ರ ತರುತ್ತದೆ. ಗಿಟ್ ಬಲ್ಲವರಲ್ಲೂ ಎಷ್ಟೋ ಜನ ಇದನ್ನು ಒಮ್ಮೆಯೂ ಮುಟ್ಟಿರುವುದಿಲ್ಲ.

ಮೊದಲ ದಿನ ತಮ್ಮ ಫೋನ್ ಮಾಡಿದ. “ಅಣ್ಣಾ, 32 ಜಿಬಿ ಪೆನ್‌ಡ್ರೈವ್ ಐತಿ, 5.5 ಜಿಬಿ ಫೈಲ್ ಹಿಡಿಯಲ್ಲ ಅಂತಾ ಐತಿ!” ಒಂದು ಕ್ಷಣ ನನಗೂ ಹೊಳೆಯಲಿಲ್ಲ. ಪೆನ್‌ಡ್ರೈವ್ ಫ್ಯಾಟ್ 32 ಅನ್ನುವ ಹಳೇ ಫಾರ್ಮ್ಯಾಟಿನಲ್ಲಿತ್ತು. ಅದರಲ್ಲಿ ಒಂದು ಫೈಲ್ 4 ಜಿಬಿ ಮುಟ್ಟುವಂತಿಲ್ಲ, ಜಾಗ ಎಷ್ಟೇ ಖಾಲಿ ಇರಲಿ. ಫಾರ್ಮ್ಯಾಟ್ ಮಾಡು ಅನ್ನಬಹುದಿತ್ತು. ಅದರಲ್ಲಿ ಅಕ್ಕನ ಮಗಳ ನಾಮಕರಣದ ಫೋಟೊ ಇದ್ದವು. ಸ್ಪ್ಲಿಟ್ ಕಮಾಂಡ್‌ನಿಂದ 1 ಜಿಬಿಯ ತುಂಡು ಮಾಡಿಸಿ, ಎಲ್ಲದರ ಎಸ್‌ಎಚ್‌ಎ 256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ವಾಟ್ಸ್ಯಾಪಿನಲ್ಲಿ ಕಳಿಸು ಅಂದೆ. ಅದು ಒಳ್ಳೆಯದೇ ಆಯಿತು. ಇಲ್ಲಿ ಬಂದಾಗ ನಾಲ್ಕನೇ ತುಂಡಿನ ಮೊತ್ತ ಹೊಂದಲಿಲ್ಲ. ಪೂರ್ತಿ ಬರೆಯುವ ಮೊದಲೇ ಅವನು ಪೆನ್‌ಡ್ರೈವ್ ಕಿತ್ತಿದ್ದ. ಮರುದಿನದ ಬಸ್ಸಿಗೆ ಅದೊಂದೇ ತುಂಡು ಬಂತು.

ತುಂಡುಗಳನ್ನು ಜೋಡಿಸಿ, ಬೀಗ ತೆಗೆದು, ಬಂಡಲ್‌ನಿಂದ ಕ್ಲೋನ್ ಮಾಡಿ, ಆಮೇಲೆ ಒರಿಜಿನ್ ವಿಳಾಸವನ್ನು, ಅಂದರೆ ಗಿಟ್ ಎಲ್ಲಿಂದ ತರಬೇಕು ಅನ್ನುವುದನ್ನು, ಅಸಲಿ ಸರ್ವರಿಗೆ ತಿರುಗಿಸಿ ಫೆಚ್ ಕೊಟ್ಟೆ. ಎರಡು ದಿನದ ಬದಲಾವಣೆ ಮಾತ್ರ ಬಂತು. 6 ಎಂಬಿ. ನಲವತ್ತು ಸೆಕೆಂಡ್. ನಾನು ಎದ್ದು ಹೊರಗೆ ಹೋಗಿ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತೆ.

ದಿನದಿನದ್ದಕ್ಕೆ ಮಾಡಿಕೊಂಡದ್ದು ಹೀಗೆ. ಹಳೇ ಲ್ಯಾಪ್‌ಟಾಪ್ ಒಂದರಲ್ಲಿ ಮಿರರ್, ಅಂದರೆ ಸರ್ವರಿನ ರೆಪೊಸಿಟರಿಯ ತದ್ರೂಪು ಕಾಪಿ, ಇಟ್ಟೆ. ಹೊರಗಿನ ಸರ್ವರ್ ಜತೆ ಮಾತಾಡುವುದು ಅದೊಂದೇ. ನನ್ನ ಕೆಲಸದ ಕಾಪಿಗಳು ಮನೆಯ ವೈಫೈನಲ್ಲಿ ಅದರಿಂದಲೇ ಎಳೆದುಕೊಳ್ಳುತ್ತವೆ, ಅದಕ್ಕೆ ಇಂಟರ್ನೆಟ್ ಬೇಡ. ರಾತ್ರಿ 3:10ಕ್ಕೆ ಕ್ರಾನ್ (ಹೇಳಿದ ಹೊತ್ತಿಗೆ ಕಮಾಂಡ್ ಓಡಿಸುವ ಸಾಧನ) ಎದ್ದು ಫೆಚ್ ಶುರು ಮಾಡುತ್ತದೆ. ಕಡಿದರೆ ಎರಡು ನಿಮಿಷ ಬಿಟ್ಟು ಮತ್ತೆ. ಆರು ಗಂಟೆವರೆಗೆ ಬಿಡುವುದಿಲ್ಲ. ಎರಡು ಸಲ ಒಟ್ಟಿಗೆ ಓಡದಂತೆ ಎಫ್‌ಲಾಕ್ ಹಾಕಿದ್ದೇನೆ.

ಪುಲ್ ಅಲ್ಲ, ಫೆಚ್. ಪುಲ್ ಆದರೆ ತಂದದ್ದನ್ನು ಕೆಲಸದ ಫೈಲುಗಳಿಗೂ ಬೆರೆಸುತ್ತದೆ. ಇದಕ್ಕೆ ಕಾರಣ ಇದೆ. ಫೆಚ್ ಕೆಲಸದ ಫೈಲುಗಳನ್ನು ಮುಟ್ಟುವುದಿಲ್ಲ. ಪ್ಯಾಕ್ ಪೂರ್ತಿ ಬಂದು, ಸರಿಯಿದೆ ಅಂತ ನೋಡಿದ ಮೇಲೆಯೇ ಬ್ರಾಂಚಿನ ಗುರುತು ಮುಂದಕ್ಕೆ ಸರಿಯುತ್ತದೆ. ನಡುವೆ ಕಡಿದರೆ ನಿನ್ನೆಯ ಕಾಪಿ ನಿನ್ನೆ ಇದ್ದ ಹಾಗೇ ಇರುತ್ತದೆ. ಉಳಿಯುವುದು ಒಂದೇ ಕಸ, ‘ಟೆಂಪ್ ಪ್ಯಾಕ್’ ಅಂತ ಶುರುವಾಗುವ ಅರ್ಧಂಬರ್ಧ ಫೈಲುಗಳು. ನನಗಿದು ಗೊತ್ತಿರಲಿಲ್ಲ. ಎರಡು ತಿಂಗಳಲ್ಲಿ ಡಿಸ್ಕ್ ತುಂಬಿತು, ನೋಡಿದರೆ ಮೂವತ್ತು ಚಿಲ್ಲರೆ ಜಿಬಿ ಇದೇ ಕಸ. ‘ಕೌಂಟ್ ಆಬ್ಜೆಕ್ಟ್ಸ್’ ಕಮಾಂಡ್ ಅದನ್ನು ಗಾರ್ಬೇಜ್ ಅಂತಲೇ ತೋರಿಸುತ್ತದೆ. ಈಗ ಫೆಚ್ ಓಡದಿರುವಾಗ ವಾರಕ್ಕೊಮ್ಮೆ ಅಳಿಸುತ್ತೇನೆ.

ಇನ್ನೊಂದು ಕಾಟ, ಲೈನ್ ಕಡಿದಿರುತ್ತದೆ, ಗಿಟ್‌ಗೆ ಗೊತ್ತೇ ಆಗಿರುವುದಿಲ್ಲ. ಬೆಳಗಿನವರೆಗೂ ಕಾಯುತ್ತಾ ಕೂತಿರುತ್ತದೆ. ಸರ್ವರ್ ಜತೆಗಿನ ಸಂಪರ್ಕ ಎಚ್‌ಟಿಟಿಪಿಎಸ್ ಆದರೆ ‘ಲೋ ಸ್ಪೀಡ್ ಲಿಮಿಟ್’ 1000, ‘ಲೋ ಸ್ಪೀಡ್ ಟೈಮ್’ 60 ಅಂತ ಇಡಿ. ಅರವತ್ತು ಸೆಕೆಂಡ್ ಸೆಕೆಂಡಿಗೆ 1000 ಬೈಟ್‌ಗಿಂತ ಕಡಿಮೆ ಬಂದರೆ ತಾನೇ ಬಿಟ್ಟುಬಿಡುತ್ತದೆ, ಕ್ರಾನ್ ಮತ್ತೆ ಶುರು ಮಾಡುತ್ತದೆ. ಎಸ್‌ಎಸ್‌ಎಚ್ ಆದರೆ ‘ಸರ್ವರ್ ಅಲೈವ್ ಇಂಟರ್ವಲ್’ 30, ಆ ಕಡೆಯಿಂದ ಸದ್ದಿಲ್ಲದಿದ್ದರೆ ಮೂವತ್ತು ಸೆಕೆಂಡಿಗೊಮ್ಮೆ ಸರ್ವರ್ ಇದೆಯಾ ಅಂತ ಕೇಳುತ್ತದೆ.

ಕಾರ್ತಿಕದಲ್ಲಿ ಮೆಕ್ಕೆಜೋಳದ ಒಕ್ಕಣೆ ಬಂತು. ಮೂರು ವಾರ ಲ್ಯಾಪ್‌ಟಾಪ್ ಮುಟ್ಟಲಿಲ್ಲ, ಮಿರರ್ ಇದ್ದ ಯಂತ್ರವೂ ಬ್ಯಾಟರಿ ಸತ್ತು ಮಲಗಿತ್ತು. ಎದ್ದು ಫೆಚ್ ಕೊಟ್ಟರೆ ಬಾಕಿ ಬೆಟ್ಟದಷ್ಟು. ಮತ್ತೆ ಅದೇ ಕಥೆ, ನಡುವೆ ಕಡಿಯುತ್ತದೆ, ಮೊದಲಿನಿಂದ. ಆಗ ಕಲಿತದ್ದು ಟ್ಯಾಗಿನಿಂದ ಟ್ಯಾಗಿಗೆ ಹತ್ತುವುದು. ಕರ್ನಲ್‌ನಲ್ಲಿ ಎರಡು ವಾರ ಮರ್ಜ್ ಕಿಟಕಿ (ಹೊಸದನ್ನು ಸೇರಿಸಿಕೊಳ್ಳುವ ಸಮಯ), ಆಮೇಲೆ ಆರ್‌ಸಿ 1 (ರಿಲೀಸ್ ಕ್ಯಾಂಡಿಡೇಟ್, ಬಿಡುಗಡೆಗೆ ಮೊದಲಿನ ಪರೀಕ್ಷಾ ಆವೃತ್ತಿ), ನಂತರ ವಾರಕ್ಕೊಂದರಂತೆ ಆರ್‌ಸಿ 2, 3 ಹೀಗೆ. ಒಂದೇ ಸಲ ತುದಿಗೆ ಹೋಗದೆ ಆರ್‌ಸಿ 2 ಮಾತ್ರ ಕೊಡು ಅಂತ ಕೇಳುವುದು. ಅದು ಬಂದರೆ ಅಷ್ಟು ನಮ್ಮದಾಯಿತು, ಇನ್ನು ಕಡಿದರೂ ಅದು ಹೋಗುವುದಿಲ್ಲ. ಆಮೇಲೆ ಆರ್‌ಸಿ 3. ಆರ್‌ಸಿ 1 ಮಾತ್ರ ದಪ್ಪ ಮೆಟ್ಟಿಲು, ಹೊಸದೆಲ್ಲ ಅದರಲ್ಲೇ ತುಂಬಿರುತ್ತದೆ. ಅದಕ್ಕೆ ನಾನು ಬಸ್ಸನ್ನೇ ನಂಬುತ್ತೇನೆ.

ಬಸ್ಸಿಗೆ ಪ್ರತಿ ಸಲ 5.5 ಜಿಬಿ ಬೇಕಿಲ್ಲ. ಹಿಂದಿನ ಬಂಡಲ್ ಎಲ್ಲಿಗೆ ನಿಂತಿತ್ತೋ ಅಲ್ಲಿ ಒಂದು ಟ್ಯಾಗ್ ಇಟ್ಟು, ಅಲ್ಲಿಂದ ಈಚೆಗಿನದ್ದನ್ನು ಮಾತ್ರ ಕಟ್ಟಬಹುದು. ಇದರಲ್ಲೂ ಒಮ್ಮೆ ಎಡವಿದೆವು. ತಮ್ಮ ಒಂದು ವಾರದ ಬಂಡಲ್ ಮಾಡಿ, ಟ್ಯಾಗ್ ಮುಂದಕ್ಕೆ ಸರಿಸಿ, ಪರೀಕ್ಷೆ ಗಡಿಬಿಡಿಯಲ್ಲಿ ಬಸ್ಸಿಗೆ ಕೊಡುವುದೇ ಮರೆತ. ಮುಂದಿನ ವಾರದ್ದು ಬಂತು. ‘ಬಂಡಲ್ ವೆರಿಫೈ’ ಕೊಟ್ಟರೆ ಇದಕ್ಕೆ ಮೊದಲಿನ ಕಮಿಟ್‌ಗಳು ನಿನ್ನ ಹತ್ತಿರ ಇಲ್ಲ ಅಂತು. ಅದರಲ್ಲಿ ತಪ್ಪೇನಿಲ್ಲ, ಇರಲಿಲ್ಲ.

1990ರ ದಶಕದಲ್ಲಿ ಫ್ರೀಬಿಎಸ್‌ಡಿ ಅನ್ನುವ ಆಪರೇಟಿಂಗ್ ಸಿಸ್ಟಮ್ ಬರೆಯುವವರು ಸಿಟಿಎಂ ಅಂತ ಒಂದು ವ್ಯವಸ್ಥೆ ಮಾಡಿಕೊಂಡಿದ್ದರು. ಪೌಲ್-ಹೆನ್ನಿಂಗ್ ಕ್ಯಾಂಪ್ ಬರೆದದ್ದು. ಕೋಡಿನ ಬದಲಾವಣೆಗಳಿಗೆ ನಂಬರ್ ಹಾಕಿ ಇಮೇಲಿನಲ್ಲೇ ಕಳಿಸುತ್ತಿದ್ದರು. ಅಲ್ಲೂ ಇದೇ ನಿಯಮ, ಒಂದು ನಂಬರ್ ತಪ್ಪಿದರೆ ಮುಂದಿನದ್ದು ಹತ್ತುವುದಿಲ್ಲ. ಅದನ್ನು ಓದಿದ ಮೇಲೆ ನಾವೂ ಬಂಡಲ್‌ಗಳಿಗೆ 17, 18, 19 ಅಂತ ನಂಬರ್ ಹಾಕತೊಡಗಿದೆವು. ಜತೆಗೆ ಟ್ಯಾಗಿನ ಗೊಡವೆ ಬಿಟ್ಟು, ಹದಿನೈದು ದಿನದ್ದು ಕಟ್ಟಿ ವಾರಕ್ಕೊಮ್ಮೆ ಕಳಿಸುವುದು ಅಂತ ಮಾಡಿದೆವು. ಅರ್ಧ ಭಾಗ ಎರಡೆರಡು ಸಲ ಬರುತ್ತದೆ. ಬರಲಿ. ಇರುವುದು ಮತ್ತೆ ಬಂದರೆ ಗಿಟ್ ತಕರಾರು ಮಾಡುವುದಿಲ್ಲ.

ಇಲ್ಲಿಂದ ಅಲ್ಲಿಗೆ ಕಳಿಸುವುದು ಕಷ್ಟವೇ ಅಲ್ಲ. ನಾನು ಬರೆಯುವುದು ದಿನಕ್ಕೆ ನೂರು ಸಾಲು, ಪುಷ್ ಮಾಡಿದರೆ ಹೋಗುತ್ತದೆ. ಅದೂ ಆಗದ ದಿನ ‘ಫಾರ್ಮ್ಯಾಟ್ ಪ್ಯಾಚ್’ ಮಾಡಿ, ಅಂದರೆ ಬದಲಾವಣೆಯನ್ನಷ್ಟೇ ಫೈಲಾಗಿಸಿ, ಇಮೇಲ್. ಕೆಲವೇ ಕೆಬಿ. ಕರ್ನಲ್ ಬರೆಯುವವರು ಇವತ್ತಿಗೂ ಇಮೇಲಿನಲ್ಲೇ ಪ್ಯಾಚ್ ಕಳಿಸುತ್ತಾರೆ, ಹಾಗಾಗಿ ನನ್ನನ್ನು ಯಾರೂ ಹಳೇ ಕಾಲದವನು ಅನ್ನಲಿಲ್ಲ.

ಕೆಲವನ್ನು ನೋಡಿ ಬಿಟ್ಟೆ. ‘ಬ್ಲಾಬ್ ನನ್’ ಫಿಲ್ಟರ್ ಹಾಕಿದ ಪಾರ್ಶಿಯಲ್ ಕ್ಲೋನ್ ಕೇಳಲು ಚೆಂದ, ಹಳೇ ಫೈಲುಗಳ ಒಳಗಿನದ್ದನ್ನು ಬಿಟ್ಟು ತರುವುದರಿಂದ ಬೇಗ ಬರುತ್ತದೆ. ಆದರೆ ಹಳೇ ಫೈಲ್ ಬೇಕಾದಾಗ ಆಗ ಸರ್ವರಿಗೆ ಓಡುತ್ತದೆ. ಬ್ಲೇಮ್ ಕೊಡುವುದು ಮಧ್ಯಾಹ್ನ, ನೆಟ್ ಇರುವುದು ರಾತ್ರಿ. ನಮ್ಮಂಥವರಿಗಲ್ಲ ಅದು. ಫೈಲ್ ಕಾಪಿ ಮಾಡುವ ಆರ್‌ಸಿಂಕ್‌ನಿಂದ ಗಿಟ್ ಫೋಲ್ಡರನ್ನೇ ಎಳೆಯುವುದೂ ಬೇಡ. ಆ ಕಡೆ ಯಾರೋ ರೀಪ್ಯಾಕ್ ಮಾಡಿದರೆ ದೊಡ್ಡ ಪ್ಯಾಕ್ ಹೊಸದಾಗಿ ಇಳಿಯುತ್ತದೆ, ನಡುವೆ ಬದಲಾದರೆ ಕಾಪಿ ಕೆಡುತ್ತದೆ. ಬಂಡಲ್ ಫೈಲ್ ಎಳೆಯಲು ಮಾತ್ರ ‘ಪಾರ್ಶಿಯಲ್’ (ಅರ್ಧ ಬಂದದ್ದನ್ನು ಉಳಿಸಿಕೊಳ್ಳುವ ಆಯ್ಕೆ) ಹಾಕಿದ ಆರ್‌ಸಿಂಕ್ ಸೊಗಸು.

ಅಸಲಿ ಲಿನಕ್ಸ್ ಕರ್ನಲ್ ಬೇಕಾದವರು ಬಸ್ ಕಾಯಬೇಕಿಲ್ಲ. ಕರ್ನಲ್ ಡಾಟ್ ಆರ್ಗ್‌ನವರೇ ತಯಾರಾದ ಕ್ಲೋನ್ ಬಂಡಲ್ ಇಟ್ಟಿದ್ದಾರೆ, ನೆಟ್ ಸರಿಯಿಲ್ಲದವರಿಗೆ ಅಂತಲೇ. ಸುಮ್ನೆ ಕೂತಿರುವ ಫೈಲ್, ವಿಗೆಟ್‌ನಲ್ಲಿ ನಾಲ್ಕು ರಾತ್ರಿ ಬಿಟ್ಟು ಬಿಟ್ಟು ಇಳಿಸಬಹುದು. ಇದು ನನಗೆ ತಿಳಿದದ್ದು ತಡವಾಗಿ. ಮೊದಲೇ ತಿಳಿದಿದ್ದರೆ ಅದನ್ನು ಇಳಿಸಿಕೊಂಡು, ಅದರ ಮೇಲೆಯೇ ಕಂಪನಿಯ ರೆಪೊವನ್ನು ಇನ್ನೊಂದು ರಿಮೋಟ್ (ತರುವ ವಿಳಾಸ) ಅಂತ ಸೇರಿಸಿ ಫೆಚ್ ಮಾಡುತ್ತಿದ್ದೆ. ಕರ್ನಲ್‌ನ ಕಮಿಟ್‌ಗಳು ಎರಡಕ್ಕೂ ಒಂದೇ. ಕಂಪನಿಯವರು ಸೇರಿಸಿದ್ದಷ್ಟೇ ಬರುತ್ತಿತ್ತು.

ಈಗ ನಮ್ಮೂರಿಗೂ ಫೈಬರ್ ಬರುತ್ತದೆ ಅಂತ ರಸ್ತೆ ಪಕ್ಕ ಗುಂಡಿ ತೋಡಿದ್ದಾರೆ. ಗುಂಡಿಯಲ್ಲಿ ಎರಡು ಮಳೆಗಾಲದ ನೀರು ನಿಂತು ಹೋಗಿದೆ. ನಿನ್ನೆ ರಾತ್ರಿಯ ಲಾಗ್ ನೋಡಿದೆ. 3:10ಕ್ಕೆ ಶುರು, ಏಳು ಸಲ ಕಡಿದಿದೆ, 4:25ಕ್ಕೆ ಮುಗಿದಿದೆ, 11 ಎಂಬಿ. ನಾನು ನಿದ್ದೆಯಲ್ಲಿದ್ದೆ.