ಉಪ್ಪುನೀರು ತಡೆಯುವ ಭತ್ತ ಯಾವುದು? ಟಬ್ಬಿನಲ್ಲೇ ಪರೀಕ್ಷಿಸಿ

ಮಳೆ ನಿಂತು ಹೊಳೆಯ ಹರಿವು ಇಳಿದರೆ ಸಮುದ್ರದ ನೀರು ಒಳಗೆ ಬರುತ್ತದೆ. ಸುವರ್ಣಾ, ನೇತ್ರಾವತಿಯ ಅಳಿವೆಗೆ ಹತ್ತಿರದ ಬೈಲು ಗದ್ದೆಗಳಲ್ಲಿ ಏಣೆಲು (ಮಳೆಗಾಲದ ಬೆಳೆ) ಹೇಗೋ ಆಗುತ್ತದೆ, ಮಳೆಯೇ ಉಪ್ಪು ತೊಳೆಯುತ್ತದಲ್ವಾ? ಕಷ್ಟ ಸುಗ್ಗಿಗೆ, ಅಂದರೆ ಮಳೆ ಮುಗಿದ ಮೇಲಿನ ಎರಡನೇ ಬೆಳೆಗೆ. ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಮುಗಿಯಿತು. ಯಾವ ತಳಿ ತಡೆಯುತ್ತದೆ ಎಂದು ನೇಜಿ (ಎಳೆ ಸಸಿ) ಹಂತದಲ್ಲೇ ನೋಡಿಕೊಳ್ಳಬಹುದು.

ಮೊದಲು ಬೀಜ. ನೀವು ಬೆಳೆಯುವ ಎಂಒ4 ತಳಿ ಇರಲಿ, ಊರಿನ ಹಳೆ ತಳಿಯೂ ಇರಲಿ. ಹೋಲಿಸಲು ಉಪ್ಪಿಗೆ ಹೆಸರಾದ ತಳಿಯೊಂದು ಬೇಕೇ ಬೇಕು. ಕುಮಟಾ ಕಡೆಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಬೆಳೆಯುವ ಕಗ್ಗ ಸಿಕ್ಕರೆ ಒಳ್ಳೆಯದು, ಕೇರಳದ ಪೊಕ್ಕಾಳಿಯೂ ಆದೀತು.

ಥರ್ಮಾಕೋಲ್ ಹಾಳೆಗೆ ತೂತು ಮಾಡಿ ಅಡಿಗೆ ಸೊಳ್ಳೆ ಪರದೆ ಕಟ್ಟಿ. ಮೊಳಕೆ ಬಂದ ಬೀಜ ಇಟ್ಟು ಸಿಹಿನೀರಿನಲ್ಲಿ ತೇಲಿಬಿಡಿ. 3 ದಿನದ ನಂತರ ನೀರಿಗೆ ಲೀಟರಿಗೆ ಅರ್ಧ ಗ್ರಾಂ 19:19:19 ಗೊಬ್ಬರ, 3 ಗ್ರಾಂ ಉಪ್ಪು ಸೇರಿಸಿ. ಮತ್ತೆ 3 ದಿನಕ್ಕೆ ಉಪ್ಪನ್ನು 6 ಗ್ರಾಂಗೆ ಏರಿಸಿ. ಆಗ ನೀರಿನ ಉಪ್ಪು ಅಳೆಯುವ ಇ.ಸಿ. ಮೀಟರ್ 11ರ (ಮಿಲಿಸೀಮೆನ್ಸ್/ಸೆಂ.ಮೀ.) ಆಸುಪಾಸು ತೋರಿಸುತ್ತದೆ. ಮಣ್ಣಿನಲ್ಲಿ ಇದೇ ಅಳತೆ 3 ದಾಟಿದರೇ ಭತ್ತದ ಇಳುವರಿ ಇಳಿಯಲು ಶುರು, ಅಂದರೆ ಇದು ಕಠಿಣ ಪರೀಕ್ಷೆಯೇ. ನೀರು ಆರಿದಷ್ಟು ಸಿಹಿನೀರನ್ನೇ ತುಂಬಿಸಿ. ಇಲ್ಲದಿದ್ದರೆ ಉಪ್ಪು ಗಟ್ಟಿಯಾಗುತ್ತಾ ಹೋಗುತ್ತದೆ. ಪಕ್ಕದಲ್ಲಿ ಉಪ್ಪು ಹಾಕದ, ಗೊಬ್ಬರ ಮಾತ್ರ ಹಾಕಿದ ಟಬ್ ಒಂದಿರಲಿ.

ಉಪ್ಪು ಹಾಕಿದ 10ನೇ ದಿನ ಒಮ್ಮೆ, 16ನೇ ದಿನ ಒಮ್ಮೆ ನೋಡಿ. ಎಲೆಯ ತುದಿ ಮಾತ್ರ ಬೆಳ್ಳಗಾದರೆ ತಳಿ ಒಳ್ಳೆಯದು. ಎಲೆಗಳು ಸುರುಳಿಯಾಗಿ ಬೆಳವಣಿಗೆ ಕುಂಟಿದರೆ ಮಧ್ಯಮ. ಪೂರಾ ಒಣಗಿದರೆ ಬಿಟ್ಟುಬಿಡಿ. ಹಳೆ ಎಲೆ ಒಣಗಿ ಹೊಸದು ಹಸಿರಿದ್ದರೆ ಗಾಬರಿ ಬೇಡ. ಗಟ್ಟಿ ತಳಿಗಳು ಸೋಡಿಯಂ ಅನ್ನು ಹಳೆ ಎಲೆಗೆ ತಳ್ಳಿ ಚಿಗುರನ್ನು ಉಳಿಸಿಕೊಳ್ಳುತ್ತವೆ.

ಇದರ ಹಿಂದಿರುವುದು ಜೀನ್‌ಗಳ ಆಟ. ಬೇರಿನಿಂದ ಎಲೆಗೆ ನೀರು ಏರುವ ಕೊಳವೆಯಿಂದ ಸೋಡಿಯಂ ಅನ್ನು ದಾರಿಯಲ್ಲೇ ಹೊರಗೆಳೆಯುವ ಪ್ರೋಟೀನೊಂದಿದೆ. ಬಂಗಾಳದ ನೋನಾ ಬೊಕ್ರಾ ಭತ್ತದಿಂದ ಅದರ ಜೀನನ್ನು 2005ರಲ್ಲಿ ಗುರುತಿಸಿದರು, ಹೆಸರು ಎಸ್‌ಕೆಸಿ1. ಪೊಕ್ಕಾಳಿಗೆ ಉಪ್ಪು ತಡೆಯುವ ಗುಣ ಕೊಡುವ ಪ್ರಸಿದ್ಧ ‘ಸಾಲ್ಟಾಲ್’ ಎಂಬ ಡಿಎನ್‌ಎ ಭಾಗವೂ ಅದೇ ಒಂದನೇ ಕ್ರೋಮೋಸೋಮಿನಲ್ಲಿದೆ. ಗೋಧಿಯಲ್ಲೂ ಇದೇ ಕುಟುಂಬದ ಜೀನ್ ಕೆಲಸ ಮಾಡುತ್ತದೆ: ಹಳೆಯ ಗೋಧಿ ಜಾತಿಯೊಂದರ ಜೀನನ್ನು ಡ್ಯೂರಮ್ ಗೋಧಿಗೆ ತಂದಾಗ ಉಪ್ಪು ಹೊಲದಲ್ಲಿ ಇಳುವರಿ 25 ಶೇಕಡಾ ಜಾಸ್ತಿಯಾಯಿತು ಎಂದು ಆಸ್ಟ್ರೇಲಿಯಾದಲ್ಲಿ 2012ರಲ್ಲಿ ವರದಿಯಾಯಿತು.

ಹಾಗಂತ ಪೊಕ್ಕಾಳಿಯನ್ನೇ ತಂದು ಬಿತ್ತಿದರೆ? ಎತ್ತರ ಬೆಳೆದು ಮಲಗುತ್ತದೆ. ಅದಕ್ಕೇ ತಳಿ ತಜ್ಞರು ಮೊದಲು ಅದನ್ನು ಊರಿನ ಭತ್ತದ ಜತೆ ಕೂಡಿಸುತ್ತಾರೆ. ಹುಟ್ಟಿದ ಸಸಿಗಳಲ್ಲಿ ಸಾಲ್ಟಾಲ್ ಇರುವುದನ್ನು ಡಿಎನ್‌ಎ ಗುರುತಿನಿಂದ ಆರಿಸಿ ಊರಿನ ಭತ್ತಕ್ಕೇ ಮತ್ತೆ ಮತ್ತೆ ಕೂಡಿಸುತ್ತಾರೆ. ಹೀಗೆ 3 ಸಲ ಹಿಂದೆ ಕೂಡಿಸಿದರೆ ಸರಾಸರಿ 93.75 ಶೇಕಡಾ ಊರಿನ ತಳಿಯೇ ಉಳಿಯುತ್ತದೆ. ಇದು ಮನೆ ಕೆಲಸವಲ್ಲ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಂಥ ಕಡೆ ವಿಚಾರಿಸಿ.

ಟಬ್ಬಿನಲ್ಲಿ ಗೆದ್ದ ತಳಿಯನ್ನು ಸೀದಾ ನಂಬಬೇಡಿ. ಸಾಲ್ಟಾಲ್ ಮುಖ್ಯವಾಗಿ ನೇಜಿಯನ್ನು ಕಾಯುತ್ತದೆ. ಹೂ ಬಿಡುವಾಗಿನ ಉಪ್ಪನ್ನು ತಡೆಯಲು ಬೇರೆ ಜೀನ್‌ಗಳು ಬೇಕು, ಸುಗ್ಗಿಯ ಕೊನೆಗೆ ಪೆಟ್ಟು ಬೀಳುವುದೂ ಅಲ್ಲೇ. ಗೆದ್ದ ತಳಿಯ ಕೆಲವು ಸಸಿಗಳನ್ನು ಕುಂಡದಲ್ಲಿ ಬೆಳೆಸಿ, ಹೊಡೆ ಬಂದಾಗಿನಿಂದ ಲೀಟರಿಗೆ 3 ಗ್ರಾಂ ಉಪ್ಪಿನ ನೀರು ಕೊಡಿ. ಕೊಯ್ದ ಮೇಲೆ ತೆನೆಯ ಕಾಳು, ಜೊಳ್ಳು ಬೇರೆ ಬೇರೆ ಎಣಿಸಿ, ಸಿಹಿನೀರಿನ ಕುಂಡದ ಜತೆ ಹೋಲಿಸಿ.