ಸ್ವಂತ ವಾಹನವಿಲ್ಲದೆ ಕಾಫಿ ಸೀಮೆಗೆ ಹೋಗುವವರಿಗೆ

ಶಿವಮೊಗ್ಗದಿಂದ ಚಿಕ್ಕಮಗಳೂರಿಗೆ ಬೇಗ ಮುಟ್ಟಬೇಕೆಂದರೆ ತರೀಕೆರೆ ಮಾರ್ಗದ ಬಸ್ ಹತ್ತಿ. ರೈಲೇ ಇಷ್ಟವೆನ್ನುವವರು ಕಡೂರಿನಲ್ಲಿ ಇಳಿದರೆ ಅಲ್ಲಿಂದ ಸುಮಾರು 40 ಕಿ.ಮೀ. ಬಸ್ ಪ್ರಯಾಣ.

ತೋಟಗಳನ್ನು ನೋಡುತ್ತಾ ಹೋಗುವ ಆಸೆಯಿದ್ದರೆ ನನ್ನ ಮತ ನರಸಿಂಹರಾಜಪುರ, ಬಾಳೆಹೊನ್ನೂರು ದಾರಿಗೆ. ಬಾಳೆಹೊನ್ನೂರಿನಿಂದ ಆಲ್ದೂರಿನ ಕಡೆಗೆ ಹೊರಟರೆ ರಸ್ತೆಯ ಇಕ್ಕೆಲದಲ್ಲೂ ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ. ತಿರುವು ಬಹಳ, ಹೊಟ್ಟೆ ತೊಳಸುವವರು ಮುಂದಿನ ಸೀಟು ಹಿಡಿಯಿರಿ.

ಮಲೆನಾಡಿನ ಒಳದಾರಿಗಳಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು. ಶಕ್ತಿ ಯೋಜನೆಯ ಉಚಿತ ಪ್ರಯಾಣ ಅವುಗಳಿಗೆ ಅನ್ವಯಿಸುವುದಿಲ್ಲ, ಆದ್ದರಿಂದ ಮಹಿಳೆಯರೂ ಚಿಲ್ಲರೆ ಇಟ್ಟುಕೊಳ್ಳಿ. ಹೋಂಸ್ಟೇಯವರು ಕಳುಹಿಸುವ ಮ್ಯಾಪನ್ನು ಮಾತ್ರ ನಂಬಿ ಹೊರಡಬೇಡಿ. ಯಾವ ಸ್ಟಾಪಿನಲ್ಲಿ ಇಳಿಯಬೇಕು, ಅಲ್ಲಿಂದ ತೋಟದ ಗೇಟಿಗೆ ಎಷ್ಟು ದೂರ, ಜೀಪು ಕಳುಹಿಸುತ್ತಾರೆಯೇ ಎಂಬುದನ್ನು ಮೊದಲೇ ಫೋನಿನಲ್ಲಿ ಕೇಳಿ ಕಾಗದದಲ್ಲಿ ಬರೆದುಕೊಳ್ಳಿ. ಒಳಗೆ ಹೋದಂತೆ ಸಿಗ್ನಲ್ ಕೈಕೊಡುತ್ತದೆ. ಸ್ಟಾಪಿನ ಹೆಸರು ಹೇಳಿದರೆ ಸಾಕು, ಕಂಡಕ್ಟರ್ ಸರಿಯಾದ ಜಾಗದಲ್ಲಿ ಇಳಿಸುತ್ತಾರೆ. ಇಳಿಯುವಾಗಲೇ ವಾಪಸ್ ಬರುವ ಕೊನೆಯ ಬಸ್ಸಿನ ಸಮಯವನ್ನೂ ಅವರಲ್ಲೇ ಕೇಳಿ. ಹಳ್ಳಿ ದಾರಿಗಳಲ್ಲಿ ಅದು ಸಂಜೆಗೇ ಮುಗಿದುಹೋಗಬಹುದು.

ಯಾವಾಗ ಹೋಗಬೇಕೆಂದು ಕೇಳುವವರಿಗೆ: ಅರೇಬಿಕಾ ಕೊಯ್ಲು ನೋಡಬೇಕಾದರೆ ಡಿಸೆಂಬರ್. ಹೂವು ನೋಡಬೇಕಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬಿದ್ದ ಒಂದು ವಾರದ ಬಳಿಕ, ಅದೂ ಬೇಗ. ಆ ಬಿಳುಪು ಮೂರ್ನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಜುಲೈ ಮಳೆಯಲ್ಲಿ ಹೊರಟರೆ ಜಿಗಣೆಗೆ ಸುಣ್ಣ ಅಥವಾ ಉಪ್ಪು ಜೇಬಿನಲ್ಲಿರಲಿ.